ಪಳಗಬೇಕಾದದ್ದು ಕಬ್ಬಿಣವೋ, ಕೈಯೋ?

ಐದು ಗುಂಡುಗಳು ಸರಾಗವಾಗಿ ಹೋದವು. ಆರನೆಯದಕ್ಕೆ ಟ್ರಿಗರ್ ಒತ್ತಿದರೆ ಪಿಸ್ತೂಲು ಸುಮ್ಮನಿತ್ತು. ಮೇಲಿನ ಸ್ಲೈಡ್ ಅರ್ಧಕ್ಕೇ ನಿಂತಿತ್ತು. ಅದರ ಬಾಯೊಳಗೆ ಹಿತ್ತಾಳೆಯ ತೋಟಾವೊಂದು ಮೂತಿ ತಗ್ಗಿಸಿಕೊಂಡು ಸಿಕ್ಕಿಬಿದ್ದಿತ್ತು. ಏನಾಯಿತೆಂದು ನೋಡಲು ಪಿಸ್ತೂಲನ್ನು ಮುಖದತ್ತ ತಿರುಗಿಸಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ರೇಂಜ್ ಅಧಿಕಾರಿಯ ದನಿ ಬಂತು: ‘ಅನಂಙರುದ್!’ ಅಲುಗಾಡಬೇಡಿ ಎಂಬ ಆ ಮಲಯಾಳಂ ಮಾತು ನನ್ನ ಮಣಿಕಟ್ಟನ್ನೇ ಹಿಡಿದು ನಿಲ್ಲಿಸಿದಂತಾಯಿತು. ‘ಮೂತಿ ಗುರಿಯ ಕಡೆಗೇ ಇರಲಿ. ಬೆರಳು ಹೊರಗೆ. ಖಾಲಿ ಕೈ ಮೇಲೆತ್ತಿ.’

ಎರ್ನಾಕುಲಂಗೆ ಬಂದು ನೆಲೆಸಿ ವರ್ಷಗಳಾದ ಮೇಲೆ, ಪರವಾನಗಿಯ ಎಲ್ಲ ಮೆಟ್ಟಿಲು ಹತ್ತಿ, ನಾನು ಕೊಂಡ ಮೊದಲ ಪಿಸ್ತೂಲು ಅದು. ಅಂಗೈಗಿಂತ ತುಸು ದೊಡ್ಡದು. ಅಂದು ಅದು ಮೂರು ಬಾರಿ ನಿಂತಿತು. ಮೊದಲ ಸಲ ಗುಂಡು ಒಳಗೆ ಹೋಗಲಿಲ್ಲ. ಎರಡನೆಯ ಸಲ ಖಾಲಿ ತೋಟಾ ಹೊರಗೆ ಬೀಳದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ಸಿಕ್ಕಿಕೊಂಡಿತು. ಮೂರನೆಯ ಸಲ ‘ಟಿಕ್’ ಎಂದಿತೇ ಹೊರತು ಈಡು ಹಾರಲಿಲ್ಲ. ಮನೆಗೆ ಬರುವಾಗ ‘ಪಿಸ್ತೂಲು ಕೈಕೊಟ್ಟಿತು’ ಎಂದು ತೀರ್ಮಾನ ಮಾಡಿಯೇ ಬಂದಿದ್ದೆ. ರೇಂಜ್ ಅಧಿಕಾರಿ ಮಾತ್ರ ಬೀಳ್ಕೊಡುವಾಗ ಒಂದು ಸಲಹೆ ಕೊಟ್ಟಿದ್ದರು: ಮುಂದಿನ ವಾರ ಬರುವಾಗ ಒಂದು ನೋಟ್‌ಬುಕ್ ತನ್ನಿ.

ಆ ನೋಟ್‌ಬುಕ್ ನನಗೆ ಕಲಿಸಿದ್ದನ್ನು ಹಂಚಿಕೊಳ್ಳಲು ಈ ಲೇಖನ. ನಮ್ಮಲ್ಲಿ ಬಂದೂಕು ಕೊಳ್ಳುವವರಿಗೆ ಕಾನೂನು ಹೇಳುವವರಿದ್ದಾರೆ, ಬೆಲೆ ಹೇಳುವವರಿದ್ದಾರೆ. ಕೊಂಡ ಮೇಲೆ ಅದನ್ನು ಪಳಗಿಸುವುದು ಹೇಗೆ, ನಿಂತರೆ ಏಕೆ ನಿಂತಿತೆಂದು ತಿಳಿಯುವುದು ಹೇಗೆ ಎಂದು ಕನ್ನಡದಲ್ಲಿ ಕೂತು ಹೇಳುವವರು ಕಡಿಮೆ. ಕೈಯಲ್ಲಿ ಆಯುಧವಿದ್ದು ಅದರ ಒಳಗು ಗೊತ್ತಿಲ್ಲದಿದ್ದರೆ ಮೊದಲ ಅಪಾಯ ಹಿಡಿದವನಿಗೆ, ಎರಡನೆಯದು ಅವನ ಮನೆಯವರಿಗೆ.

ಕಾವಲಿಯ ಪಾಠ

ಹೊಸ ಕಬ್ಬಿಣದ ಕಾವಲಿ ತಂದ ದಿನವೇ ಗರಿಗರಿ ದೋಸೆ ಏಳುವುದಿಲ್ಲ. ಮೊದಲು ತೊಳೆದು, ಕಾಯಿಸಿ, ಎಣ್ಣೆ ಸವರಿ, ಈರುಳ್ಳಿ ಉಜ್ಜಿ ಪಳಗಿಸಬೇಕು. ಮೊದಲ ಎರಡು ದೋಸೆ ಅಂಟಿಕೊಂಡೇ ಬರುತ್ತವೆ. ರುಬ್ಬುವ ಕಲ್ಲು ಹೊಸದಾದರೆ ಮೊದಲ ಹಿಟ್ಟನ್ನು ಚೆಲ್ಲುತ್ತಾರೆ. ಹಿಂದಿನ ಸ್ಕೂಟರುಗಳನ್ನು ಮೊದಲ ಕೆಲವು ನೂರು ಕಿಲೋಮೀಟರು ನಿಧಾನವಾಗಿ ಓಡಿಸಿ ಎಂದು ಮೆಕ್ಯಾನಿಕ್‌ಗಳು ಹೇಳಿ ಕಳಿಸುತ್ತಿದ್ದರು. ಒಂದರ ಮೇಲೊಂದು ಜಾರುವ ಎರಡು ಲೋಹಗಳು ಎಷ್ಟೇ ನಯವಾಗಿ ಕಂಡರೂ ಕಣ್ಣಿಗೆ ಕಾಣದ ಏರುತಗ್ಗು ಇರುತ್ತದೆ. ಒಂದಿಷ್ಟು ಓಡಾಡಿದ ಮೇಲೆ ಆ ಏರುಗಳು ಸವೆದು ಎರಡೂ ಒಂದಕ್ಕೊಂದು ಹೊಂದುತ್ತವೆ.

ಪಿಸ್ತೂಲಿನಲ್ಲಿ ಆಗುವುದೂ ಅದೇ. ಗುಂಡು ಹಾರಿದಾಗ ಸ್ಲೈಡ್ ಹಿಂದಕ್ಕೆ ಓಡುತ್ತದೆ. ಓಡುವಾಗ ಖಾಲಿ ತೋಟಾವನ್ನು ಕೊಕ್ಕೆಯಿಂದ ಎಳೆದು ಹೊರಗೆಸೆಯುತ್ತದೆ. ಮುಂದಕ್ಕೆ ಮರಳುವಾಗ ಮ್ಯಾಗಜೀನಿನ ನೆತ್ತಿಯ ಮೇಲಿರುವ ಹೊಸ ತೋಟಾವನ್ನು ತಳ್ಳಿಕೊಂಡು ಹೋಗಿ ನಳಿಗೆಯ ಗೂಡಿನಲ್ಲಿ ಕೂರಿಸುತ್ತದೆ. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಇಷ್ಟೂ ಕೆಲಸ ಮುಗಿಯಬೇಕು. ಹೊಸ ಪಿಸ್ತೂಲಿನಲ್ಲಿ ಸ್ಲೈಡ್ ಓಡುವ ಹಳಿಗಳು ಒರಟು, ಸ್ಪ್ರಿಂಗ್ ಬಿಗಿ, ಮ್ಯಾಗಜೀನಿನ ಸ್ಪ್ರಿಂಗ್ ಇನ್ನೂ ಬಿಗಿ. ಹಾಗಾಗಿ ಮೊದಲ ದಿನಗಳಲ್ಲಿ ಎಲ್ಲಿಯೋ ಒಂದು ಕಡೆ ತಾಳ ತಪ್ಪುತ್ತದೆ.

ಪಿಸ್ತೂಲು ಚಿಕ್ಕದಾದಷ್ಟೂ ತಾಳ ತಪ್ಪುವುದು ಸುಲಭ. ದೊಡ್ಡ ಪಿಸ್ತೂಲಿನ ಸ್ಲೈಡ್ ಭಾರವಾಗಿರುತ್ತದೆ, ಓಡುವ ದಾರಿ ಉದ್ದವಿರುತ್ತದೆ. ಅದು ಹಿಂದೆ ಹೋಗಿ ಮುಂದೆ ಬರುವಷ್ಟರಲ್ಲಿ ಮ್ಯಾಗಜೀನಿಗೆ ಮುಂದಿನ ತೋಟಾವನ್ನು ಎತ್ತಿ ಕೊಡಲು ಸಮಯ ಸಿಗುತ್ತದೆ. ಕಾಂಪ್ಯಾಕ್ಟ್ ಪಿಸ್ತೂಲಿನಲ್ಲಿ ಸ್ಲೈಡ್ ಹಗುರ, ದಾರಿ ಗಿಡ್ಡ. ಆ ಹಗುರವನ್ನು ತುಂಬಿಕೊಡಲು ಸ್ಪ್ರಿಂಗನ್ನು ಬಿಗಿಯಾಗಿ ಮಾಡುತ್ತಾರೆ. ಎಲ್ಲವೂ ಬೇಗ ಬೇಗ ಆಗಬೇಕಾದ್ದರಿಂದ ಒಂದು ತೊಟ್ಟು ಎಣ್ಣೆ ಕಡಿಮೆಯಾದರೂ, ಮಣಿಕಟ್ಟು ಒಂದಿಷ್ಟು ಸಡಿಲವಾದರೂ ಅದಕ್ಕೆ ತಡೆಯುವುದಿಲ್ಲ. ಹಿಡಿಯಲು ಸುಲಭವೆಂದು ಹೊಸಬರು ಚಿಕ್ಕದನ್ನು ಆರಿಸುತ್ತಾರೆ. ನಿಜದಲ್ಲಿ ಹೆಚ್ಚು ಪಳಗಿದ ಕೈ ಬೇಕಾಗಿರುವುದು ಚಿಕ್ಕದಕ್ಕೇ.

ಕಾಲು ಮಿಲಿಮೀಟರಿನ ಅಂಚು

ನಮ್ಮ ದೇಶದ ಪಿಸ್ತೂಲಿಗೆ ಇನ್ನೂ ಒಂದು ವಿಶೇಷ ಕಷ್ಟವಿದೆ. ಅದರ ಮೂಲ ಕಾನೂನಿನಲ್ಲಿದೆ. 1959ರ ಆಯುಧ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಸೇನೆ, ಪೊಲೀಸರು ಬಳಸುವ 9 ಎಂ.ಎಂ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ನಮಗೆ ಹೆಚ್ಚಾಗಿ ಸಿಗುವುದು .32 ಬೋರಿನವು. ಪಶ್ಚಿಮ ಬಂಗಾಳದ ಇಷಾಪುರ ರೈಫಲ್ ಫ್ಯಾಕ್ಟರಿಯ ‘ಅಶನಿ’ ಪಿಸ್ತೂಲು, ಕಾನ್ಪುರದಲ್ಲಿ ತಯಾರಾಗುವ ರಿವಾಲ್ವರುಗಳು ಈ ಬೋರಿನವೇ.

ಪಿಸ್ತೂಲಿನ .32 ತೋಟಾವನ್ನು ರೂಪಿಸಿದವನು ಅಮೆರಿಕದ ಜಾನ್ ಬ್ರೌನಿಂಗ್. ಬೆಲ್ಜಿಯಂನ ಹೆರ್‌ಸ್ಟಾಲಿನ ಎಫ್.ಎನ್. ಕಾರ್ಖಾನೆಯಿಂದ ಅದು ಹೊರಬಂದದ್ದು 1899ರಲ್ಲಿ. ಆ ಕಾಲಕ್ಕೆ ರಿವಾಲ್ವರಿನ ತೋಟಾಗಳಿಗೆ ಬುಡದಲ್ಲಿ ಅಗಲವಾದ ಅಂಚು ಇರುತ್ತಿತ್ತು. ಬ್ರೌನಿಂಗ್ ಆ ಅಂಚನ್ನು ಸಣ್ಣದು ಮಾಡಿದ, ಪೂರ್ತಿ ತೆಗೆಯಲಿಲ್ಲ. ತೋಟಾದ ಮೈಗಿಂತ ಅಂಚು ಸುತ್ತಲೂ ಸುಮಾರು ಕಾಲು ಮಿಲಿಮೀಟರಿನಷ್ಟು ಹೊರಚಾಚಿಕೊಂಡಿದೆ. ಬೆರಳಲ್ಲಿ ಸವರಿದರೆ ಮಾತ್ರ ತಿಳಿಯುವ ಈ ಅಂಚೇ ತೋಟಾವನ್ನು ನಳಿಗೆಯ ಗೂಡಿನಲ್ಲಿ ಹದವಾದ ಆಳಕ್ಕೆ ನಿಲ್ಲಿಸುತ್ತದೆ. ಅದೇ ಅಂಚು ಮ್ಯಾಗಜೀನಿನಲ್ಲಿ ತೊಡಕೂ ಆಗುತ್ತದೆ.

ಮ್ಯಾಗಜೀನಿನಲ್ಲಿ ತೋಟಾಗಳು ಒಂದರ ಮೇಲೊಂದು ಮಲಗಿರುತ್ತವೆ. ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇದ್ದರೆ ಸ್ಲೈಡ್ ತಳ್ಳಿದ ಕೂಡಲೇ ಅದು ಜಾರಿ ಮುಂದೆ ಹೋಗುತ್ತದೆ. ಅಕಸ್ಮಾತ್ ಹಿಂದೆ ಸಿಕ್ಕಿಕೊಂಡರೆ, ಬಾಗಿಲ ಚಿಲಕ ಹಾಕಿದ ಹಾಗೆ. ಎಷ್ಟು ತಳ್ಳಿದರೂ ಮೇಲಿನದು ಕೆಳಗಿನದನ್ನು ದಾಟಲಾರದು. ಪಳಗಿದವರು ಇದನ್ನು ‘ರಿಮ್‌ಲಾಕ್’ ಎನ್ನುತ್ತಾರೆ. ಪೂರ್ತಿ ಉದ್ದದ, ಗುಂಡುಮೂತಿಯ ತೋಟಾಗಳಲ್ಲಿ ಇದು ಅಪರೂಪ, ಏಕೆಂದರೆ ಹಿಂದೆ ಮುಂದೆ ಸರಿಯಲು ಜಾಗವಿರುವುದಿಲ್ಲ. ಮೂತಿ ಮೊಂಡಾದ ಗಿಡ್ಡ ತೋಟಾಗಳನ್ನು ತುಂಬಿದರೆ, ಇಲ್ಲವೇ ಮ್ಯಾಗಜೀನಿನ ತಗಡು ತುಸು ಸೊಟ್ಟಗಾಗಿದ್ದರೆ, ಸರಿಯಲು ಜಾಗ ಸಿಕ್ಕಿ ಅಂಚುಗಳು ಅದಲುಬದಲಾಗುತ್ತವೆ.

ಸಿಕ್ಕಿದ್ದನ್ನು ಬಲದಿಂದ ಬಿಡಿಸಬಾರದು. ಸ್ಲೈಡಿನ ಹಿಂಬದಿಗೆ ಅಂಗೈಯಿಂದ ಗುದ್ದಿದರೆ ಚಿಲಕ ಇನ್ನಷ್ಟು ಬಿಗಿಯುತ್ತದೆ. ಸ್ಲೈಡನ್ನು ಹಿಂದೆಳೆದು ಹಿಡಿದು ಮ್ಯಾಗಜೀನನ್ನು ಹೊರತೆಗೆದು, ತೋಟಾಗಳನ್ನು ಒಂದೊಂದಾಗಿ ಖಾಲಿ ಮಾಡಿ, ಮತ್ತೆ ಒಂದೊಂದಾಗಿ ತುಂಬುವುದೊಂದೇ ದಾರಿ. ಪ್ರತಿಯೊಂದನ್ನು ತುಂಬುವಾಗಲೂ ಅದರ ಅಂಚು ಕೆಳಗಿನದರ ಮುಂದೆ ಇಳಿದಿದೆಯೇ ಎಂದು ನೋಡಬೇಕು. ಅವಸರದಲ್ಲಿ ತುಂಬುವವರಿಗೆ .32 ಒಗ್ಗುವುದಿಲ್ಲ.

ಮೊದಲ ಗುಂಡಿಗೂ ಮೊದಲು

ನನ್ನ ಮೊದಲ ತಪ್ಪು ಅಂಗಡಿಯಿಂದ ತಂದ ಪಿಸ್ತೂಲನ್ನು ಮೇಲಿನಿಂದ ಒರೆಸಿ, ಒಂದಿಷ್ಟು ಎಣ್ಣೆ ಬಿಟ್ಟು ನೇರ ರೇಂಜಿಗೆ ಒಯ್ದದ್ದು. ಕಾರ್ಖಾನೆಯಲ್ಲಿ ಹಚ್ಚುವ ದಪ್ಪ ಜಿಡ್ಡು ತುಕ್ಕು ಹಿಡಿಯದಿರಲಿ ಎಂದು. ಅದು ಉಗ್ರಾಣದಲ್ಲಿ ಕಾಪಾಡುವ ಎಣ್ಣೆ, ಓಡಿಸುವ ಎಣ್ಣೆಯಲ್ಲ. ಮಸಿ ತಗುಲಿದರೆ ಅದೇ ಜಿಡ್ಡು ಅಂಟಾಗುತ್ತದೆ.

ಪಿಸ್ತೂಲನ್ನು ಬಿಚ್ಚುವ ಮೊದಲು ಮಾಡಬೇಕಾದ್ದು ಒಂದೇ ಕೆಲಸ, ಅದನ್ನು ಪ್ರತಿ ಸಲವೂ ಮಾಡಬೇಕು. ಮ್ಯಾಗಜೀನ್ ತೆಗೆಯುವುದು, ಸ್ಲೈಡ್ ಹಿಂದೆಳೆಯುವುದು, ಗೂಡು ಖಾಲಿ ಇದೆಯೆಂದು ಕಣ್ಣಿನಿಂದ ನೋಡುವುದು, ಕಿರುಬೆರಳಿನಿಂದ ಮುಟ್ಟಿ ನೋಡುವುದು. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಆಮೇಲೆ ತಯಾರಕರ ಕೈಪಿಡಿ ಹೇಳಿದಷ್ಟೇ ಬಿಚ್ಚಿ, ನಳಿಗೆಯನ್ನೂ ಗೂಡನ್ನೂ ಒಣ ಬಟ್ಟೆಯಿಂದ ಸ್ವಚ್ಛ ಮಾಡಿ, ಸ್ಲೈಡ್ ಓಡುವ ಹಳಿಗಳಿಗೆ ಹನಿ ಎಣ್ಣೆ, ನಳಿಗೆಯ ಹೊರಮೈಗೆ ಒಂದು ತೆಳು ಪದರ. ಅಷ್ಟೇ. ಕಾವಲಿ ಎಣ್ಣೆ ಕುಡಿದಷ್ಟೂ ಪಳಗುತ್ತದೆ. ಪಿಸ್ತೂಲಿಗೆ ಎಣ್ಣೆ ಹೆಚ್ಚಾದರೆ ಅದೇ ರೋಗ.

ಎಣ್ಣೆ ತಾಗಲೇಬಾರದ ಎರಡು ಜಾಗಗಳಿವೆ. ಒಂದು ಮ್ಯಾಗಜೀನಿನ ಒಳಗು. ಅಲ್ಲಿ ಎಣ್ಣೆ ಬಿದ್ದರೆ ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿಗೆ ಇಳಿದು ಅದನ್ನು ಸಾಯಿಸಬಹುದು. ಇನ್ನೊಂದು, ಆ ಪ್ರೈಮರನ್ನು ಕುಟ್ಟುವ ಫೈರಿಂಗ್ ಪಿನ್ ಓಡಾಡುವ ಸಣ್ಣ ಬಿಲ. ಅಲ್ಲಿ ಜಿಡ್ಡು ನಿಂತರೆ ಪಿನ್ನು ಕೆಸರಲ್ಲಿ ಓಡಿದ ಹಾಗೆ ನಿಧಾನವಾಗುತ್ತದೆ. ನನ್ನ ಮೂರನೆಯ ತೊಂದರೆ, ಆ ‘ಟಿಕ್’ ಸದ್ದು, ಬಂದದ್ದು ಅಲ್ಲಿಂದಲೇ. ಹೆಚ್ಚು ಕಾಳಜಿ ತೋರಿಸಲು ಹೋಗಿ ಅಲ್ಲಿಗೂ ಎಣ್ಣೆ ಬಿಟ್ಟಿದ್ದೆ.

ಸ್ವಚ್ಛ ಮಾಡಿದ ಮೇಲೆ ತೋಟಾ ಇಲ್ಲದೆ ಸ್ಲೈಡನ್ನು ಕೈಯಿಂದ ನೂರಾರು ಬಾರಿ ಪೂರ್ತಿ ಹಿಂದೆಳೆದು ಬಿಡುವುದು ಹಳಿಗಳನ್ನು ಹೊಂದಿಸುವ ಅಗ್ಗದ ದಾರಿ. ಅಮೆರಿಕದ ಬಂದೂಕು ಮಾಲೀಕರು ಹೊಸ ಪಿಸ್ತೂಲು ಪಳಗಲು 200ರಿಂದ 500 ಗುಂಡು ಹಾರಿಸಿ ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ನಮ್ಮಲ್ಲಿ ಪರವಾನಗಿ ಪುಸ್ತಕದಲ್ಲಿ ಬರೆದಷ್ಟೇ ತೋಟಾ, ಒಂದೊಂದಕ್ಕೂ ಬೆಲೆ, ಒಂದೊಂದಕ್ಕೂ ಲೆಕ್ಕ. ಹಾಗಾಗಿ ಕೈಯಿಂದ ಆಗುವುದನ್ನೆಲ್ಲ ಕೈಯಿಂದ ಮಾಡಿ, ಹಾರಿಸುವ ಒಂದೊಂದು ಗುಂಡಿನಿಂದಲೂ ಒಂದು ಪಾಠ ತೆಗೆದುಕೊಳ್ಳಬೇಕು. ನೋಟ್‌ಬುಕ್ ಬೇಕಾಗುವುದು ಇದಕ್ಕೇ. ಮ್ಯಾಗಜೀನುಗಳಿಗೆ 1, 2 ಎಂದು ಗುರುತು ಹಾಕಿ. ದಿನ, ತೋಟಾದ ಪೆಟ್ಟಿಗೆಯ ಸಂಖ್ಯೆ, ಯಾವ ಮ್ಯಾಗಜೀನು, ಎಷ್ಟನೇ ಗುಂಡಿಗೆ ನಿಂತಿತು, ಹೇಗೆ ನಿಂತಿತು ಎಂದು ಬರೆಯಿರಿ. ಒಮ್ಮೆಗೆ ಒಂದನ್ನೇ ಬದಲಿಸಿ. ತೋಟಾ, ಎಣ್ಣೆ, ಮ್ಯಾಗಜೀನು ಮೂರನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಕಾರಣ ಸಿಗುವುದಿಲ್ಲ, ಕಾರಣ ಸಿಗದ ತೊಂದರೆ ಮತ್ತೆ ಬರುತ್ತದೆ.

ಈ ಎಲ್ಲ ಪರೀಕ್ಷೆ ನಡೆಯಬೇಕಾದದ್ದು ಅಧಿಕೃತ ರೇಂಜಿನಲ್ಲಿ ಮಾತ್ರ. ಹಿತ್ತಲಲ್ಲೋ ರಬ್ಬರು ತೋಟದಲ್ಲೋ ‘ಒಂದು ಗುಂಡು ಹಾರಿಸಿ ನೋಡೋಣ’ ಎನ್ನುವುದು ಅಪಾಯವೂ ಹೌದು, ಅಪರಾಧವೂ ಹೌದು. ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಕುತ್ತು ತಂದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ನಿಂತ ಪಿಸ್ತೂಲು ಹೇಳುವ ಮಾತು

ಪಿಸ್ತೂಲು ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ಎಲ್ಲಿ ನಿಂತಿತು ಎಂಬುದರಲ್ಲೇ ಏಕೆ ನಿಂತಿತು ಎಂಬುದೂ ಇರುತ್ತದೆ.

ಖಾಲಿ ತೋಟಾ ಸ್ಲೈಡಿನ ಬಾಯಲ್ಲಿ ಒಲೆಯ ಹೊಗೆಕೊಳವೆಯಂತೆ ನೆಟ್ಟಗೆ ನಿಂತಿದ್ದರೆ, ಸ್ಲೈಡ್ ಪೂರ್ತಿ ಹಿಂದೆ ಹೋಗಿಲ್ಲ ಎಂದರ್ಥ. ತೋಟಾ ದುರ್ಬಲವಿರಬಹುದು, ಹಳಿ ಒಣಗಿರಬಹುದು. ಹೊಸಬರ ಕೈಯಲ್ಲಿ ಬಹಳ ಸಲ ಕಾರಣ ಮಣಿಕಟ್ಟು. ಸ್ಲೈಡ್ ಹಿಂದಕ್ಕೆ ಓಡಬೇಕಾದರೆ ಕೆಳಗಿನ ಚೌಕಟ್ಟು ಗಟ್ಟಿಯಾಗಿ ನಿಂತಿರಬೇಕು. ಮಣಿಕಟ್ಟು ಸಡಿಲವಿದ್ದರೆ ಚೌಕಟ್ಟೂ ಸ್ಲೈಡಿನ ಜೊತೆಗೇ ಹಿಂದೆ ಹೋಗುತ್ತದೆ. ಹೊಯ್ದಾಡುವ ದೋಣಿಯಿಂದ ದಡಕ್ಕೆ ಜಿಗಿದರೆ ದೋಣಿ ಹಿಂದೆ ಸರಿದು ಜಿಗಿತ ಅರ್ಧಕ್ಕೇ ನಿಲ್ಲುತ್ತದಲ್ಲ, ಹಾಗೆ. ಎರ್ನಾಕುಲಂ ಜೆಟ್ಟಿಯಲ್ಲಿ ದೋಣಿ ಹತ್ತಿಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಎರಡನೆಯ ತೊಂದರೆ ಇದೇ ಆಗಿತ್ತು. ರೇಂಜ್ ಅಧಿಕಾರಿ ಅದೇ ಪಿಸ್ತೂಲು, ಅದೇ ತೋಟಾ ಹಿಡಿದು ಒಂದು ಮ್ಯಾಗಜೀನು ಪೂರ್ತಿ ಹಾರಿಸಿದರು, ಒಂದೂ ನಿಲ್ಲಲಿಲ್ಲ. ಕೈಕೊಟ್ಟದ್ದು ನನ್ನ ಕೈಯೇ.

ಸ್ಲೈಡ್ ಕೂದಲೆಳೆಯಷ್ಟು ತೆರೆದುಕೊಂಡು ನಿಂತಿದ್ದರೆ, ತೋಟಾ ಗೂಡಿನಲ್ಲಿ ಪೂರ್ತಿ ಕೂತಿಲ್ಲ. ಗೂಡಿನಲ್ಲಿ ಕಸವಿದೆ, ಹಳಿ ಒಣಗಿದೆ, ಇಲ್ಲವೇ ನೀವು ಸ್ಲೈಡನ್ನು ಬೆರಳಲ್ಲಿ ಹಿಡಿದುಕೊಂಡೇ ಮೆಲ್ಲಗೆ ಮುಂದೆ ಬಿಟ್ಟಿದ್ದೀರಿ. ಹೊಸ ವಸ್ತು ಎಂದು ನಾಜೂಕು ಮಾಡುವುದು ಇಲ್ಲಿ ನಡೆಯುವುದಿಲ್ಲ. ಹಿಂದೆಳೆದು ಕೈ ಬಿಟ್ಟುಬಿಡಬೇಕು. ಕೂರಿಸುವ ಕೆಲಸ ಸ್ಪ್ರಿಂಗಿನದು.

‘ಟಿಕ್’ ಎಂದು ಈಡು ಹಾರದಿದ್ದರೆ ಮೊದಲು ಮಾಡಬೇಕಾದದ್ದು ಕಾಯುವುದು. ಮೂತಿ ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡು ಕಾಯಿರಿ. ಪ್ರೈಮರ್ ಒಳಗೊಳಗೇ ಉರಿಯುತ್ತಿದ್ದು ಗುಂಡು ತಡವಾಗಿ ಹಾರುವುದುಂಟು. ಆಮೇಲೆ ತೋಟಾ ಹೊರತೆಗೆದು ಅದರ ಬುಡ ನೋಡಿ. ಪಿನ್ನಿನ ಗುರುತು ಆಳವಾಗಿದ್ದರೆ ಪಿಸ್ತೂಲು ತನ್ನ ಕೆಲಸ ಮಾಡಿದೆ, ತೋಟಾ ಕೆಟ್ಟಿದೆ. ಗುರುತು ತೆಳುವಾಗಿದ್ದರೆ ಪಿನ್ನಿಗೆ ಬಲವಿಲ್ಲ: ಜಿಡ್ಡು, ದಣಿದ ಸ್ಪ್ರಿಂಗ್ ಅಥವಾ ಪೂರ್ತಿ ಮುಚ್ಚದ ಸ್ಲೈಡ್. ಗುರುತೇ ಇಲ್ಲದಿದ್ದರೆ ಪಿನ್ನು ಮುರಿದಿರಬಹುದು. ಇಷ್ಟನ್ನೆಲ್ಲ ಒಂದು ಚುಕ್ಕೆ ಹೇಳುತ್ತದೆ. ನನ್ನ ತೋಟಾದ ಮೇಲಿದ್ದದ್ದು ಸೊಳ್ಳೆ ಕಚ್ಚಿದಂಥ ತೆಳು ಗುರುತು. ಪಿನ್ನಿನ ಬಿಲವನ್ನು ಗನ್‌ಸ್ಮಿತ್ ತೊಳೆದು ಒಣಗಿಸಿಕೊಟ್ಟ ಮೇಲೆ ಆ ‘ಟಿಕ್’ ಮತ್ತೆ ಕೇಳಲಿಲ್ಲ.

ಎಲ್ಲಕ್ಕಿಂತ ಭಯಂಕರವಾದದ್ದು ಅರ್ಧ ಸದ್ದು. ಎಂದಿನ ‘ಢಂ’ ಬದಲು ‘ಪುಸ್’ ಎಂದರೆ ಅಲ್ಲಿಗೆ ನಿಲ್ಲಿಸಿ. ತೋಟಾದಲ್ಲಿ ಮದ್ದು ಸಾಲದೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಸಿಡಿದು ಬೆರಳು, ಕಣ್ಣು ಹೋಗಬಹುದು. ಆ ದಿನ ಪಿಸ್ತೂಲು ಖಾಲಿ ಮಾಡಿ, ನಳಿಗೆಯ ಆಚೆ ಬದಿಯಿಂದ ಬೆಳಕು ಕಾಣುವವರೆಗೆ ಇನ್ನೊಂದು ತೋಟಾ ಮುಟ್ಟಬಾರದು.

ತಪ್ಪು ಯಾರದೆಂದು ತೀರ್ಮಾನಿಸುವ ಕ್ರಮ ಹೀಗಿರಲಿ: ಮೊದಲು ಕೈ, ಆಮೇಲೆ ತೋಟಾ, ಆಮೇಲೆ ಮ್ಯಾಗಜೀನು, ಆಮೇಲೆ ಎಣ್ಣೆ, ಕೊನೆಗೆ ಪಿಸ್ತೂಲು. ಮುಂದಿನ ವಾರಗಳಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಒಂದು ವಿಷಯ ತಾನಾಗಿ ಎದ್ದು ಕಂಡಿತು. ಮೂತಿ ತಗ್ಗಿಸಿ ನಿಲ್ಲುವ ಮೊದಲ ತೊಂದರೆ ಕೈ ಬದಲಿಸಿದರೂ ಬಂತು, ತೋಟಾದ ಪೆಟ್ಟಿಗೆ ಬದಲಿಸಿದರೂ ಬಂತು. ಬಂದಾಗಲೆಲ್ಲ ಬರೆದ ಸಂಖ್ಯೆ ಮಾತ್ರ ಒಂದೇ: ಮ್ಯಾಗಜೀನು 2. ಅದರ ತುಟಿಯ ತಗಡು ಒಂದು ಕಡೆ ತುಸು ಅಗಲವಾಗಿತ್ತು. ಅಂಗಡಿಯವರಿಗೆ ಪುಸ್ತಕ ತೋರಿಸಿದೆ, ಬದಲಿ ಕೊಟ್ಟರು. ಮನೆಯಲ್ಲೇ ಇಕ್ಕಳ ಹಿಡಿದು ಬಗ್ಗಿಸಲು, ಅರ ಹಿಡಿದು ಉಜ್ಜಲು ಹೋಗಬಾರದು. ಬಂದೂಕು ದುರಸ್ತಿಗೆ ಕಾನೂನು ಬೇರೆಯೇ ಪರವಾನಗಿ ಕೇಳುತ್ತದೆ, ಕೇಳುವುದೂ ಸರಿಯೇ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಪಳಗಲಿಲ್ಲ ಎಂಬುದು ಕಾರ್ಖಾನೆಯ ಲೋಪಕ್ಕೆ ಹೊದಿಕೆಯಾಗಬಾರದು. ಹದವಾಗಿ ತಯಾರಾದ ಪಿಸ್ತೂಲು ಹೆಚ್ಚುಕಡಿಮೆ ಮೊದಲ ದಿನದಿಂದಲೇ ನಡೆಯಬೇಕು. ಕೈ, ತೋಟಾ, ಎಣ್ಣೆ ಮೂರೂ ಸರಿಯಿದ್ದು ಅದೇ ತೊಂದರೆ ಮರುಕಳಿಸಿದರೆ ಪುಸ್ತಕ ಹಿಡಿದು ಮಾರಾಟಗಾರರ ಬಳಿ ಹೋಗುವುದು ಕೊಂಡವರ ಹಕ್ಕು.

ಮೇಲೆತ್ತಿದ ಖಾಲಿ ಕೈ

ತಪ್ಪನ್ನು ಹೀಗೆ ಬಿಡಿಸಿ ನೋಡುವ ಶಿಸ್ತನ್ನು ಕ್ರೀಡೆ ನಿಯಮವಾಗಿಯೇ ಬರೆದಿಟ್ಟಿದೆ. 2015ರಲ್ಲಿ ಕೇರಳದಲ್ಲಿ ನಡೆದ 35ನೇ ರಾಷ್ಟ್ರೀಯ ಕ್ರೀಡಾಕೂಟದ ಶೂಟಿಂಗ್ ಸ್ಪರ್ಧೆಗಳಿಗೆ ತಿರುವನಂತಪುರದ ವಟ್ಟಿಯೂರ್‌ಕಾವಿನ ರೇಂಜ್ ವೇದಿಕೆಯಾಗಿತ್ತು. ಅಂಥ ಕಡೆ 25 ಮೀಟರ್ ಪಿಸ್ತೂಲು ಸ್ಪರ್ಧೆ ನೋಡುವವರಿಗೆ ಒಂದು ದೃಶ್ಯ ಸಿಗುವುದುಂಟು. ಪಿಸ್ತೂಲು ನಿಂತರೆ ಸ್ಪರ್ಧಿ ಅದನ್ನು ಬಿಚ್ಚಿ ನೋಡುವುದಿಲ್ಲ. ಮೂತಿ ಗುರಿಯತ್ತಲೇ ಇಟ್ಟು ಖಾಲಿ ಕೈ ಮೇಲೆತ್ತಿ ನಿಲ್ಲುತ್ತಾರೆ. ಅಧಿಕಾರಿ ಬಂದು ಪರೀಕ್ಷಿಸಿ ತೀರ್ಪು ಕೊಡುತ್ತಾರೆ. ತೋಟಾ ಹಾರದಿದ್ದರೆ, ಗುಂಡು ನಳಿಗೆಯಲ್ಲಿ ಸಿಕ್ಕಿದ್ದರೆ, ಟ್ರಿಗರಿನ ಯಂತ್ರ ಕೆಟ್ಟಿದ್ದರೆ ಅದು ಒಪ್ಪತಕ್ಕ ದೋಷ, ಸ್ಪರ್ಧಿಗೆ ಅದರ ಪರಿಹಾರ ಸಿಗುತ್ತದೆ. ಸೇಫ್ಟಿ ತೆಗೆಯಲು ಮರೆತಿದ್ದರೆ, ಮ್ಯಾಗಜೀನು ಸರಿಯಾಗಿ ಕೂರಿಸಿರದಿದ್ದರೆ, ಅಧಿಕಾರಿ ನೋಡುವ ಮೊದಲೇ ಸ್ಲೈಡ್ ಮುಟ್ಟಿದ್ದರೆ ಅದು ಒಪ್ಪಲಾಗದ ದೋಷ. ಯಂತ್ರದ ತಪ್ಪಿಗೆ ಕ್ಷಮೆಯಿದೆ, ಕೈಯ ತಪ್ಪಿಗೆ ಇಲ್ಲ. ರೇಂಜ್ ಅಧಿಕಾರಿ ಅಂದು ನನ್ನ ಖಾಲಿ ಕೈಯನ್ನು ಮೇಲೆತ್ತಿಸಿದ್ದು ಏಕೆಂದು ಅರ್ಥವಾದದ್ದು ಈ ನಿಯಮ ಓದಿದ ಮೇಲೆ.

ಎಷ್ಟು ಪಳಗಿದರೂ ಯಂತ್ರ ಒಂದು ದಿನ ನಿಲ್ಲಬಹುದು. 2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ಅದರ ಕಾಕಿಂಗ್ ಲಿವರ್ ಮುರಿದಿತ್ತು. 60 ಗುಂಡಿಗೆ 75 ನಿಮಿಷ ಕೊಡುವ ಸ್ಪರ್ಧೆ ಅದು. ದುರಸ್ತಿಗೆ ಹೋದ ಅಮೂಲ್ಯ ನಿಮಿಷಗಳು ಮರಳಿ ಸಿಗಲಿಲ್ಲ. ಉಳಿದ ಗುಂಡುಗಳನ್ನು ಅವಸರದಲ್ಲಿ ಹಾರಿಸಿ 575 ಅಂಕ ಗಳಿಸಿದ 19ರ ಹುಡುಗಿ 12ನೇ ಸ್ಥಾನಕ್ಕೆ ನಿಂತಳು, ಎಂಟು ಮಂದಿಯ ಫೈನಲ್ ಎರಡೇ ಅಂಕದಲ್ಲಿ ತಪ್ಪಿತು. ಮೂರು ವರ್ಷಗಳ ಮೇಲೆ, 2024ರ ಜುಲೈ 28ರಂದು, ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ 221.7 ಅಂಕಗಳೊಂದಿಗೆ ಕಂಚು ಗೆದ್ದು, ಒಲಿಂಪಿಕ್ ಶೂಟಿಂಗ್ ಪದಕ ಪಡೆದ ಭಾರತದ ಮೊದಲ ಮಹಿಳೆಯಾದರು. ಲಿವರ್ ಮುರಿಯುವುದನ್ನು ತಡೆಯಲು ಅವರಿಂದ ಆಗುತ್ತಿರಲಿಲ್ಲ. ಮುರಿದ ಮೇಲೂ ಪಿಸ್ತೂಲು ಹಿಡಿಯುವುದು ಅವರ ಕೈಯಲ್ಲಿತ್ತು.

ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ ಕೈಕೊಟ್ಟದ್ದು ಪಿಸ್ತೂಲಲ್ಲ, ಮೈ. 2013ರಲ್ಲಿ ಸ್ಪೇನಿನಲ್ಲಿ ಸ್ಪರ್ಧೆಗೆ ಹೋಗಿದ್ದಾಗ ಮುಖಕ್ಕೆ ಪಾರ್ಶ್ವವಾಯು ತಗುಲಿತು. ಗುರಿ ನೋಡಬೇಕಾದ ಮುಖದ ಸ್ನಾಯುಗಳನ್ನೇ ಮತ್ತೆ ಪಳಗಿಸಿಕೊಂಡು ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಅವರು ಬೆಳ್ಳಿ ಗೆದ್ದರು.

ಕಡಲ ಗಾಳಿ, ಠಾಣೆಯ ಕಪಾಟು

ಪಳಗಿದ ಪಿಸ್ತೂಲನ್ನು ಪಳಗಿದ ಹಾಗೆಯೇ ಇಟ್ಟುಕೊಳ್ಳುವುದು ಇನ್ನೊಂದು ಕೆಲಸ. ಕೊಚ್ಚಿಯಂಥ ಊರಲ್ಲಿ ಅದು ಕಠಿಣ. ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ, ಅದರ ಮೇಲೆ ಉಪ್ಪು ತುಂಬಿದ ಗಾಳಿ. ಫೋರ್ಟ್ ಕೊಚ್ಚಿಯ ಕಡಲಂಚಿನಲ್ಲಿ ಐಎನ್‌ಎಸ್ ದ್ರೋಣಾಚಾರ್ಯ ಇದೆ, ನೌಕಾಪಡೆಯವರಿಗೆ ಸಣ್ಣ ಆಯುಧದಿಂದ ಕ್ಷಿಪಣಿಯವರೆಗೆ ಕಲಿಸುವ ಶಾಲೆ. ಅಲ್ಲಿ ಗುಂಡಿನ ಅಭ್ಯಾಸ ಇರುವ ದಿನಗಳಲ್ಲಿ ಆ ಕಡೆ ಬರಬೇಡಿ ಎಂದು ಮೀನುಗಾರರಿಗೆ ಮುಂಚಿತವಾಗಿ ಪ್ರಕಟಣೆ ಹೊರಡುತ್ತದೆ. ಹಾರಿಸುವ ಮೊದಲು ಆಚೆ ಯಾರಿದ್ದಾರೆಂದು ಯೋಚಿಸುವುದು ದೊಡ್ಡ ಫಿರಂಗಿಗೆ ಎಷ್ಟು ಮುಖ್ಯವೋ ಅಂಗೈಯಗಲದ ಪಿಸ್ತೂಲಿಗೂ ಅಷ್ಟೇ.

ಕೊಚ್ಚಿಯ ಈ ಉಪ್ಪುಗಾಳಿಯಲ್ಲಿ ಚರ್ಮದ ಚೀಲದೊಳಗೆ ಪಿಸ್ತೂಲನ್ನು ಬಿಟ್ಟರೆ ಚರ್ಮ ಹೀರಿದ ತೇವವೇ ಕಬ್ಬಿಣಕ್ಕೆ ತುಕ್ಕಾಗುತ್ತದೆ. ಚೀಲ ಹೊತ್ತೊಯ್ಯಲು, ಇಡಲು ಅಲ್ಲ. ತೆಳುವಾಗಿ ಎಣ್ಣೆ ಸವರಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಬೀಗದ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ತೋಟಾಗಳಿಗೆ ಗಾಳಿಯಾಡದ ಬೇರೆ ಡಬ್ಬಿ, ಬೇರೆ ಬೀಗ. ಬೆವರಿನ ಬೆರಳಚ್ಚು ಕೂಡ ಒಂದೇ ರಾತ್ರಿಯಲ್ಲಿ ಕಂದು ಕಲೆಯಾಗುವ ಊರಿದು.

ಕಾಸರಗೋಡು, ಪುತ್ತೂರು, ಸುಳ್ಯದ ಅಡಿಕೆ ತೋಟದವರಿಗೆ ಇನ್ನೊಂದು ಕಷ್ಟ ಗೊತ್ತು. ಚುನಾವಣೆ ಘೋಷಣೆಯಾದರೆ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕಾಗಿ ಬರುವುದುಂಟು. ವಾರಗಟ್ಟಲೆ ಒಂದರ ಮೇಲೊಂದು ಒರಗಿ ನಿಂತ ಕೋವಿ ಮರಳಿ ಮನೆಗೆ ಬಂದಾಗ ಮೊದಲಿನ ಹಾಗೆ ಇರುವುದಿಲ್ಲ. ಎಣ್ಣೆ ಒಣಗಿ ಅಂಟಾಗಿರುತ್ತದೆ, ನಳಿಗೆಯಲ್ಲಿ ಜೇಡ ಬಲೆ ಕಟ್ಟಿರಬಹುದು. ಒಪ್ಪಿಸುವ ಮೊದಲು ದಪ್ಪ ಎಣ್ಣೆ ಸವರುವುದು, ತಂದ ಮೇಲೆ ಹೊಸ ಪಿಸ್ತೂಲಿನಂತೆಯೇ ಬಿಚ್ಚಿ, ನಳಿಗೆಯಲ್ಲಿ ಬೆಳಕು ನೋಡಿ, ಮೊದಲಿನಿಂದ ಪಳಗಿಸುವುದು ಜಾಣತನ.

ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ತೊಳೆದು ಹೂವಿಟ್ಟು ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಆ ವಿನಾಯಿತಿಯಲ್ಲಿ ಪಿಸ್ತೂಲೂ ಸೇರಿದೆ. ಬಯಲುಸೀಮೆಯಲ್ಲಿ, ಇಲ್ಲಿ ಕೇರಳದಲ್ಲಿ, ಅದೇ ಗೌರವ ನವರಾತ್ರಿಯ ಆಯುಧಪೂಜೆಯಲ್ಲಿ ಸಲ್ಲುತ್ತದೆ. ಈ ಪೂಜೆಗಳ ಒಳಗೆ ಒಂದು ತಿಳಿವಳಿಕೆಯಿದೆ: ವರ್ಷಕ್ಕೊಮ್ಮೆಯಾದರೂ ಆಯುಧವನ್ನು ಹೊರತೆಗೆದು, ತೊಳೆದು, ಕಣ್ಣಿಟ್ಟು ನೋಡು ಎಂದು. ಪೂಜೆ ಮುಗಿದ ಮೇಲೆ ಕುಂಕುಮ ಅರಿಶಿನವನ್ನು ಒರೆಸಿ ಎಣ್ಣೆ ಸವರಿಡುವುದನ್ನು ಮರೆಯಬೇಡಿ. ಒದ್ದೆ ಕುಂಕುಮದ ಕೆಳಗೂ ತುಕ್ಕು ಹಿಡಿಯುತ್ತದೆ.

ನೋಟ್‌ಬುಕ್ಕಿನ ಕೊನೆಯ ಪುಟ

ನನ್ನ ಪುಸ್ತಕದಲ್ಲಿ ‘ನಿಂತಿತು’ ಎಂಬ ಅಂಕಣ ಖಾಲಿ ಉಳಿದ ಮೊದಲ ಭಾನುವಾರ ಆಗಸ್ಟಿನ ಮಳೆಯದು. ಎರಡೂ ಮ್ಯಾಗಜೀನು ಮುಗಿದವು, ಹೊಸ ತೋಟಾದ ಪೆಟ್ಟಿಗೆಯೂ ಅರ್ಧ ಮುಗಿಯಿತು. ಗೂಡು ಖಾಲಿ ಮಾಡಿ, ನೋಡಿ, ಮುಟ್ಟಿ, ಮೇಜಿನ ಮೇಲಿಟ್ಟೆ. ಪಿಸ್ತೂಲು ಪಳಗಿತು ಎಂದು ಖುಷಿಯಿಂದ ರೇಂಜ್ ಅಧಿಕಾರಿಯ ಕಡೆ ತಿರುಗಿದೆ. ಅವರು ನೋಡುತ್ತಿದ್ದದ್ದು ಪಿಸ್ತೂಲನ್ನಲ್ಲ, ನನ್ನ ಬಲಗೈಯನ್ನು. ಮೊದಲ ದಿನ ಹೇಳಿ ಹೇಳಿ ಟ್ರಿಗರಿನಿಂದ ಹೊರತೆಗೆಸಿದ್ದ ಬೆರಳು ಅಂದು ಬೆಳಿಗ್ಗೆಯಿಂದ, ನಾನು ನೆನೆಸಿಕೊಳ್ಳದೆಯೇ, ಪ್ರತಿ ಸಲವೂ ಚೌಕಟ್ಟಿನ ಉದ್ದಕ್ಕೆ ನೇರವಾಗಿ ಮಲಗಿತ್ತು. ಅವರು ಪುಸ್ತಕವನ್ನು ನನ್ನ ಕಡೆ ಸರಿಸಿದರು. ದಿನಾಂಕದ ಮುಂದೆ, ಖಾಲಿ ಅಂಕಣದಲ್ಲಿ, ನಾನು ಬರೆದದ್ದು ಒಂದೇ ಮಾತು: ಕೈ ಸರಿಯಿದೆ.